ಒಂದೇ ಮಂಟಪದಲ್ಲಿ ಎರಡು ಆರತಿ

ಕೆಳಗಿನ ಗಾದಿ ಕುಗ್ಗುತ್ತಿದೆ, ಒಳಗಿನ ಹತ್ತಿ ಹಳೆಯದು, ಇನ್ನರ್ಧ ಗಂಟೆ ಹೀಗೇ ಕೂತರೆ ನಾನು ಮತ್ತೆ ನನ್ನ ಎತ್ತರಕ್ಕೇ ಬಂದುಬಿಡುತ್ತೇನೆ, ಆಗ ಅಜ್ಜಿ ಏನು ಮಾಡುತ್ತಾಳೋ ನೋಡೋಣ — ದಿವಾನದ ಮೇಲೆ ಎರಡು ಗಾದಿ, ಗಾದಿಯ ಮೇಲೆ ಸೊಲ್ಲಾಪುರದ ಚಾದರ, ಚಾದರದ ಮೇಲೆ ನಾನು, ನಿಲಂಗಾದ ಬಟ್ಟೆ ಅಂಗಡಿ ಸಿದ್ಧೇಶ್ವರಪ್ಪನ ಮಗಳು ಸ್ನೇಹಲ, ವಯಸ್ಸು ಇಪ್ಪತ್ನಾಲ್ಕು, ಎತ್ತರ ನಾಲ್ಕು ಅಡಿ ಆರು ಇಂಚು, ಕಾಲು ನೆಲ ಮುಟ್ಟುವುದಿಲ್ಲ, ಅದಕ್ಕೆ ಪಾದದ ಕೆಳಗೆ ಒಂದು ಮಣೆ, ಮಣೆ ಕಾಣಬಾರದೆಂದು ಅಜ್ಜಿಯೇ ಸೀರೆಯ ನೆರಿಗೆ ಹರಡಿ ಹೇಳಿ ಹೋಗಿದ್ದಾಳೆ, ಎದ್ದು ನಿಂದರಬ್ಯಾಡ, ಯಾರು ಏನಂದ್ರೂ ಏಳಬ್ಯಾಡ, ಕೂತಲ್ಲಿಂದಽ ಕೈ ಮುಗಿ, ಕಾಲಿಗಿ ಬೀಳೂದು ಆಮ್ಯಾಲ ನೋಡಣು. ಎಲ್ಲರ ಮನೆಯಲ್ಲೂ ಹುಡುಗಿ ಒಳಗಿನಿಂದ ಅವಲಕ್ಕಿ ಪೋಹೆಯ ತಟ್ಟೆ ಹಿಡಿದು ಬರುತ್ತಾಳೆ, ಬಂದವರು ಅವಳ ನಡಿಗೆ ನೋಡುತ್ತಾರೆ, ನಮ್ಮ ಮನೆಯಲ್ಲಿ ಹುಡುಗಿ ಮೊದಲೇ ಗಣಪತಿಯ ಹಾಗೆ ಪ್ರತಿಷ್ಠಾಪನೆಯಾಗಿ ಕೂತಿದ್ದಾಳೆ, ತಟ್ಟೆ ಹಿಡಿದು ಬಂದವಳು ಚಿಕ್ಕಪ್ಪನ ಮಗಳು ದೀಪಾಲಿ, ನನಗಿಂತ ಎರಡು ವರ್ಷ ಚಿಕ್ಕವಳು, ನನಗಿಂತ ಒಂದು ಗೇಣು ಉದ್ದ, ಪಾಪ ಬೆನ್ನು ಬಗ್ಗಿಸಿಕೊಂಡೇ ಬಂದು ತಟ್ಟೆ ಇಟ್ಟು ಓಡಿಹೋದಳು, ಅವಳಿಗೂ ಹೇಳಿದ್ದಾರೆ, ಅಕ್ಕನ ಪಕ್ಕ ನಿಲ್ಲಬೇಡ ಎಂದು. ಬಂದವರು ಯೆಣೆಗೂರಿನವರು, ಹೈವೇ ಪಕ್ಕದಲ್ಲಿ ಹೊಲ ಇದೆಯಂತೆ, ಹುಡುಗ ರವಿಕಾಂತ, ಉಮರ್ಗಾದಲ್ಲಿ ಮಾಸ್ತರ, ಅವನ ಸೋದರಮಾವ, ಅವನ ತಾಯಿ ಅಂಜನಾಬಾಯಿ, ಅಂಜನಾಬಾಯಿಗೆ ಅವನೊಬ್ಬನೇ ಮಗ, ಬಂದು ಕೂತ ಐದು ನಿಮಿಷದಲ್ಲಿ ಎರಡು ಸಲ ಹೇಳಿದರು, ಒಬ್ಬಾಂವೇ ಮಗ ರೀ, ಮನಿತುಂಬ ಮಕ್ಕಳು ಆಡಬೇಕು ಅಂತ ಆಸೆ ನನಗ. ನನ್ನ ಅಜ್ಜಿ ಪ್ರಯಾಗಬಾಯಿ ಎರಡು ಸಲವೂ ತಲೆಯಾಡಿಸಿದಳು, ಹೌದ್ರಿ, ಅದಕ್ಕಽ ಅಲ್ಲೇನ್ರಿ ಲಗ್ನ ಮಾಡೂದು. ನನಗೆ ಮಕ್ಕಳಾಗುವುದಿಲ್ಲ, ಇದು ಅಜ್ಜಿಗೆ ಗೊತ್ತು, ಅವ್ವನಿಗೆ ಗೊತ್ತು, ಅಪ್ಪನಿಗೆ ಗೊತ್ತಿದ್ದೂ ಗೊತ್ತಿಲ್ಲ, ಇಂದು ಬೆಳಿಗ್ಗೆ ನಾನು ಅಂದೆ, ಅವರಿಗೆ ಹೇಳಿಬಿಡಿ, ಹೇಳಿ ಆಮೇಲೆ ಬೇಕಾದರೆ ನೋಡಲಿ, ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಲೇ ಅಂದಳು, ಲಗ್ನ ಆಗ್ಲಿ, ಆಮ್ಯಾಲ ಶಿವ ಹಾನ. ಶಿವನ ತಲೆಗೆ ಕಟ್ಟಿದಳು, ಮುಗಿಯಿತು. ಇಂದು ಇವರು ಹೂಂ ಅಂದುಬಿಟ್ಟರೆ ಈ ಸುಳ್ಳನ್ನು ಹೊತ್ತುಕೊಂಡು ಯೆಣೆಗೂರಿಗೆ ಹೋಗುವವಳು ಅಜ್ಜಿಯಲ್ಲ, ನಾನು.

ರವಿಕಾಂತ ನನ್ನ ಕಡೆ ನೋಡಿ ಏನು ಕೆಲಸ ಅಂತ ಕೇಳಿದ, ಫಾರ್ಮಸಿ ಕಲಿತು ಉದಗೀರದಲ್ಲಿ ಮೆಡಿಕಲ್ ಅಂಗಡಿಯಲ್ಲಿದ್ದೇನೆ ಅಂದೆ, ರವಿವಾರಕ್ಕೆ ಮನೆಗೆ ಬರುತ್ತೇನೆ ಅಂದೆ, ಒಳ್ಳೆಯವನ ಹಾಗಿದ್ದಾನೆ, ಒಳ್ಳೆಯವನಾಗಿರುವುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿದೆ, ಎಮ್ಮೆ ನೋಡಿದ ಹಾಗೆ ನೋಡುವ ಗಂಡಾಗಿದ್ದರೆ ಮೋಸ ಹೋಗಲಿ ಅಂತ ಬಿಡಬಹುದಿತ್ತು. ಅಂಗಡಿಗೆ ಬರುವ ತಾಯಂದಿರು ಕೌಂಟರಿನ ಮೇಲೆ ಬಾಗಿ ಕೇಳುತ್ತಾರೆ, ಪೋರಗಿ ಉದ್ದ ಆಗವಲ್ದು, ಉದ್ದ ಆಗೂ ಪುಡಿ ಕೊಡ್ರಿ, ಆಮೇಲೆ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ನಿಂತ ನನ್ನನ್ನು ನೋಡುತ್ತಾರೆ, ನಾನು ಪುಡಿ ಕೊಡುವುದಿಲ್ಲ, ಮಾಲಕ ಬೈದರೂ ಕೊಡುವುದಿಲ್ಲ, ಮೊದಲು ಅಳತೆ ತೆಗೆಸಿ, ಆರು ತಿಂಗಳು ಬಿಟ್ಟು ಮತ್ತೆ ತೆಗೆಸಿ, ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಅಳತೆ — ನಮ್ಮ ಮನೆಯ ಅನ್ನವೇ ಅಳತೆಯದು, ಅಪ್ಪ ಬೆಳಗಿನಿಂದ ಸಂಜೆಯವರೆಗೆ ಮೀಟರ್ ಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಾನೆ, ಬಟ್ಟೆಯ ಥಾನಿನಲ್ಲಿ ಬೆರಳಷ್ಟು ಕಮ್ಮಿ ಬಂದರೆ ಸೂರತ್ತಿಗೆ ಫೋನು ಹಚ್ಚುತ್ತಾನೆ, ಜೂನ್ ತಿಂಗಳಲ್ಲಿ ನನಗೂ ದೀಪಾಲಿಗೂ ಶಾಲೆಯ ಯುನಿಫಾರಂ ಬಟ್ಟೆ ಅವನೇ ಹರಿಯುತ್ತಿದ್ದ, ಐದನೇ ಇಯತ್ತೆಯಲ್ಲಿ ನನಗೆ ಹರಿದಷ್ಟೇ ಬಟ್ಟೆ ಆರನೆಯದಕ್ಕೂ ಸಾಕಾಯಿತು, ಏಳನೆಯದಕ್ಕೂ ಸಾಕಾಯಿತು, ದೀಪಾಲಿಯದು ವರ್ಷ ವರ್ಷ ಏರುತ್ತಾ ಹೋಯಿತು, ಅಪ್ಪ ನಗುತ್ತಿದ್ದ, ನಮ್ಮ ಸ್ನೇಹಲಂದು ಬಟ್ಟಿ ಉಳೀತು ನೋಡು ಎಂದು. ಕಣ್ಣಿಗೆ ಹೊಡೆಯುವ ಹಾಗೆ ಅಳತೆ ಎದುರಿಗೆ ಬಿದ್ದಿತ್ತು, ಮೂರು ಜೂನ್, ಮೂರು ಸಲ ಅದೇ ತುಂಡು, ನಿನಗೆ ಉಳಿದ ಬಟ್ಟೆ ಕಂಡಿತೇ ಅಪ್ಪ, ಉಳಿದ ಮಗಳು ಕಾಣಲಿಲ್ಲವೇ. ಅವರವರ ಅಂದಾಜು ಅವರವರಿಗೆ, ಅಜ್ಜಿಯ ಅತ್ತೆ ಗಿಡ್ಡಿ ಇದ್ದಳಂತೆ, ಅವಳ ಮೇಲೆ ಹೋಗಿದ್ದೇನಂತೆ, ಸತ್ತವಳ ಮೇಲೆ ಹೊರಿಸಿದರೆ ಅವಳು ಎದ್ದು ಬಂದು ಇಲ್ಲ ಅನ್ನುತ್ತಾಳೆಯೇ. ಕಿವಿ ಸೋರುತ್ತಿತ್ತು, ಕುತ್ತಿಗೆ ಗಿಡ್ಡ, ಕೂದಲು ಕುತ್ತಿಗೆಯ ಬುಡದವರೆಗೂ ಇಳಿದಿತ್ತು, ಎಲ್ಲವೂ ಒಂದೇ ಮಾತು ಹೇಳುತ್ತಿತ್ತು, ಕೇಳುವವರು ಒಬ್ಬರೂ ಇರಲಿಲ್ಲ, ಶಾಲೆಯಲ್ಲಿ ಮಾತ್ರ ಹುಡುಗರು ಕೇಳಿಸಿಕೊಂಡು ಅರ್ಧಾ ತಿಕೀಟ ಅನ್ನುತ್ತಿದ್ದರು.

ಆಮೇಲೆ ದೀಪಾಲಿ ದೊಡ್ಡವಳಾದಳು. ಹನ್ನೆರಡೂವರೆ ವರ್ಷ ಅವಳಿಗೆ, ಶಾಲೆಯಿಂದ ಅಳುತ್ತಾ ಬಂದಳು, ನಾನೇ ನೀರು ಕೊಟ್ಟೆ, ನನಗೆ ಆಗ ಹದಿನಾಲ್ಕು ದಾಟಿ ಹತ್ತು ತಿಂಗಳು, ನನಗೆ ಏನೂ ಇಲ್ಲ, ಎದೆಯೂ ಇಲ್ಲ, ಅವಳ ಪಕ್ಕ ನಿಂತರೆ ನಾನು ಸಪಾಟು. ಅವಳ ತಾಯಿ, ನಮ್ಮ ಸುಮಂಗಲಾ ಕಾಕು, ಆ ದಿನವೇ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಅವಳ ಬಾಯಿಗಿಟ್ಟಳು, ಸೋಮವಾರ ಆರತಿ ಮಾಡೋಣ, ಓಣಿಯನ್ನೆಲ್ಲ ಕರೆಯೋಣ ಅಂದಳು, ಅಜ್ಜಿ ಚಿಗಳಿ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು, ಆ ನೋಟ ನೆನೆಸಿದರೆ ಇವತ್ತಿಗೂ ಮೈ ಉರಿಯುತ್ತದೆ, ಹಿರಿಯವಳು ಕೂತಿರುವಾಗ ಕಿರಿಯವಳಿಗೆ ಆರತಿ ಹೆಂಗೆ ಎತ್ತುವುದು, ನಾಳೆ ಓಣಿ ಕೇಳಲ್ಲವೇ, ಹಿರ್ಯಾಕಿಗಿ ಯಾಕ ಆಗಿಲ್ಲ, ಏನ್ ಐಬು ಅದ. ಲಿಂಗ ಕಟ್ಟಿಕೊಂಡ ಮನೆ ನಮ್ಮದು, ಮುಟ್ಟಿಗೆ ಸೂತಕವಿಲ್ಲ, ಹುಟ್ಟಿಗೆ ಸೂತಕವಿಲ್ಲ ಎಂದು ಅಜ್ಜಿ ಪಕ್ಕದ ಮನೆಯ ಮರಾಠಿ ಬಾಯಂದಿರಿಗೆ ದೊಡ್ಡ ಗಂಟಲಲ್ಲಿ ಹೇಳುತ್ತಾಳೆ, ನಮ್ಮ ಪೋರಿಯರು ಆ ದಿನಾನೂ ಅಡಿಗಿ ಮಾಡ್ತಾರ, ಪೂಜಿ ಮಾಡ್ತಾರ, ಹೌದು ತಾಯಿ, ಬಂದರೆ ಸೂತಕವಿಲ್ಲ, ಬಾರದಿದ್ದರೆ ಮಾತ್ರ ಮನೆಯ ಮಾನ ಹೋಗುತ್ತದೆ. ದೀಪಾಲಿಗೆ ಆದ ಮೂರನೇ ದಿನ ನನಗೂ ಆಯಿತು. ಆಯಿತು ಎಂದು ಅಜ್ಜಿ ಹೇಳಿದಳು. ನನ್ನ ಬಿಳಿ ಒಳಲಂಗವನ್ನು, ಪರಕಾರವನ್ನು, ಬಚ್ಚಲಿನಲ್ಲಿ ಇಟ್ಟುಕೊಂಡು ಏನೋ ತಿಕ್ಕುತ್ತಿದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ, ತುರಿದ ಬೀಟ್‌ರೂಟ್, ತಾಟಿನ ತುಂಬ, ಅಜ್ಜಿಯ ಹತ್ತು ಬೆರಳೂ ಕೆಂಪು, ಆಮೇಲೆ ಆ ಪರಕಾರವನ್ನು ಸುಮಂಗಲಾ ಕಾಕುವಿಗೆ ದೂರದಿಂದ ತೋರಿಸಿದಳು, ಕಾಕು ನಂಬಿದಳು, ಅಕ್ಕತಂಗೇರು ಸಂಗಾಟೇ ಎಂದು ನಕ್ಕು ನನ್ನ ಬಾಯಿಗೂ ಚಿಗಳಿ ಇಟ್ಟಳು. ನಾನು ನುಂಗಿದೆ. ಹದಿನಾಲ್ಕು ವರ್ಷದವಳು ಇನ್ನೇನು ಮಾಡಬೇಕಿತ್ತು, ಅಜ್ಜಿ ಕಿವಿಯಲ್ಲಿ ಹೇಳಿದ್ದಳು, ಸುಮ್ನ ಕುಂದುರು, ಆರತಿ ಮಾಡಿದ್ರ ತಾನಽ ಬರ್ತದ, ನಾನು ಅದನ್ನು ನಂಬಿದ್ದೆ, ಅದೇ ನನಗೆ ಇವತ್ತು ಹೆಚ್ಚು ಸಿಟ್ಟು, ನಾನು ನಂಬಿ ಕಾದೆ.

ಸೋಮವಾರ ಒಂದೇ ಮಂಟಪದಲ್ಲಿ ಇಬ್ಬರನ್ನೂ ಕೂರಿಸಿದರು, ಕಬ್ಬು ಕಟ್ಟಿದ ಮಂಟಪ, ಅಪ್ಪನ ಅಂಗಡಿಯಿಂದ ಬಂದ ಎರಡು ಹಸಿರು ಸೀರೆ ಒಂದೇ ತರಹದ್ದು, ನನ್ನದನ್ನು ಸೊಂಟದಲ್ಲಿ ಮೂರು ಸುತ್ತು ಮಡಚಿ ಪಿನ್ನು ಹಾಕಿದ್ದರು, ಉಡಿಯಲ್ಲಿ ತೆಂಗಿನಕಾಯಿ, ಉತ್ತತ್ತಿ, ಅಕ್ಕಿ, ಹೆಂಗಸರು ಹಾಡಿದರು, ಆರತಿ ಎತ್ತಿದರು, ದೀಪಾಲಿ ನಾಚಿಕೊಂಡಳು, ಅವಳಿಗೆ ನಾಚಲು ಕಾರಣವಿತ್ತು, ನಾನು ಏನಕ್ಕೆ ನಾಚಬೇಕು ತಿಳಿಯದೆ ತಲೆ ತಗ್ಗಿಸಿದೆ, ಫೋಟೋದವನು ತಲೆ ಎತ್ರಿ ತಾಯಿ ಅಂದ, ಅಜ್ಜಿ ಬಂದು ಗದ್ದ ಹಿಡಿದು ನನ್ನ ಮುಖ ಮೇಲಕ್ಕೆತ್ತಿದಳು, ಕ್ಲಿಕ್. ಆ ಮೇಲಿನ ತಿಂಗಳು ನಾನು ದಿನಾಲೂ ಬಚ್ಚಲಿಗೆ ಹೋಗಿ ನೋಡಿಕೊಂಡೆ. ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆದರೆ ಈಗ ಬಂದಿಲ್ಲ ಅನ್ನುವ ಹಾಗಿಲ್ಲ, ಊರೇ ಉಂಡು ಹೋಗಿದೆ, ಅದಕ್ಕೆ ತಿಂಗಳಿಗೊಮ್ಮೆ ನಾನೂ ಪ್ಯಾಡಿನ ಪಾಕೀಟು ತರಿಸಬೇಕು, ಹೊಟ್ಟೆ ನೋವು ಎಂದು ಮಲಗಬೇಕು, ದೀಪಾಲಿಯ ದಿನಗಳನ್ನು ನೋಡಿ ನನ್ನ ದಿನ ಗೊತ್ತುಮಾಡಬೇಕು, ಪಾಕೀಟುಗಳು ನನ್ನ ಟ್ರಂಕಿನಲ್ಲಿ ಒಂದರ ಮೇಲೊಂದು ಬಿದ್ದವು, ಮುಟ್ಟದ ಪಾಕೀಟು, ಒಂದು ದಿನ ದೀಪಾಲಿ ಕಂಡಳು, ಅಂದಿನಿಂದ ಅವಳು ತನಗೆ ಬೇರೆ ತರಿಸುವುದು ಬಿಟ್ಟು ನನ್ನ ಟ್ರಂಕಿನಿಂದಲೇ ತೆಗೆದುಕೊಂಡಳು. ಈ ಮನೆಯಲ್ಲಿ ನನ್ನ ಮೇಲೆ ದಯೆ ತೋರಿಸಿದವಳು ಅವಳೊಬ್ಬಳೇ. ಅವಳಿಗೆ ಉದಗೀರದ ಧಾನ್ಯ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂದು ವರ್ಷವಾಯಿತು, ಅವಳಿಗೂ ಒಪ್ಪಿಗೆ, ಹುಡುಗನಿಗೂ ಒಪ್ಪಿಗೆ, ಆದರೆ ಹಿರಿಯವಳು ಕೂತಿದ್ದಾಳಲ್ಲ, ಮತ್ತೆ ಅದೇ ಲೆಕ್ಕ, ಮೊದಲು ಹಿರಿಯವಳ ಆರತಿ ಆಮೇಲೆ ಕಿರಿಯವಳದು, ಮೊದಲು ಹಿರಿಯವಳ ಲಗ್ನ ಆಮೇಲೆ ಕಿರಿಯವಳದು, ಅದಕ್ಕೇ ಎರಡು ಗಾದಿ, ಅದಕ್ಕೇ ಮಣೆ.

ಇನ್ನೂ ಒಂದು ಬಾಗಿಲು ತೆರೆದಿತ್ತು, ಅದನ್ನೂ ಮುಚ್ಚಿದರು. ಹದಿನಾರನೇ ವರ್ಷದಲ್ಲಿ ಕಿವಿಯಿಂದ ಕೀವು ಬಂದು ತಲೆಯೇ ಸಿಡಿಯುವಂತಾಗಿ ಉದಗೀರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಎಸ್ಟಿ ಬಸ್ಸಿನಲ್ಲಿ ಅಜ್ಜಿ ಕಿಟಕಿಗೆ, ಅವ್ವ ನಡುವೆ, ನಾನು ತುದಿಗೆ, ಆ ಮುದುಕ ಡಾಕ್ಟರ್ ಕಿವಿ ನೋಡಿದ, ಕುತ್ತಿಗೆ ನೋಡಿದ, ಕೈ ಚಾಚು ಅಂದ, ಮೊಣಕೈ ನೋಡಿದ, ಕಿವಿಗೂ ಮೊಣಕೈಗೂ ಏನು ಸಂಬಂಧ ಎಂದು ನಾನು ನೋಡುತ್ತಿದ್ದೆ, ಆತ ಅವ್ವನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದ, ಹುಡುಗಿಗೆ ಪಾಳಿ, ಅಂದರೆ ಮುಟ್ಟು, ಶುರುವಾಗಿದೆಯೇ. ಒಂದೇ ಪ್ರಶ್ನೆ. ಅವ್ವ ಅಜ್ಜಿಯ ಮುಖ ನೋಡಿದಳು, ಹೋ ಅಂದಳು, ಹೌದು, ಹದಿನೈದಕ್ಕೆ ಬಂತು, ವೇಳೆಗೆ ಸರಿಯಾಗಿ ಬರುತ್ತದೆ, ಡಾಕ್ಟರ್ ಹಾಗಾದರೆ ಸರಿ ಎಂದು ಬರೆಯುತ್ತಿದ್ದ ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿ ಕಿವಿಗೆ ಹನಿ ಔಷಧ ಬರೆದುಕೊಟ್ಟ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಅವಳು ಏನು ಮಾಡಿಯಾಳು, ಅತ್ತೆ ಪಕ್ಕದಲ್ಲೇ ಕೂತಿದ್ದಾಳೆ, ಹತ್ತೊಂಬತ್ತು ವರ್ಷದಿಂದ ಆ ಮನೆಯಲ್ಲಿ ಅವಳು ಜೋರಾಗಿ ಕೆಮ್ಮಿದವಳೂ ಅಲ್ಲ, ಸಿಟ್ಟೆಲ್ಲ ಅಜ್ಜಿಯ ಮೇಲೆ, ಅಂದೂ ಇಂದೂ. ಇಪ್ಪತ್ತಕ್ಕೆ ನಾನೇ ಹೋದೆ, ರವಿವಾರ ಲಾತೂರಿನಿಂದ ಉದಗೀರಕ್ಕೆ ಬರುವ ಡಾಕ್ಟರ್ ಬಾಯಿಯ ಹತ್ತಿರ, ಫಾರ್ಮಸಿ ಪುಸ್ತಕದಲ್ಲಿ ಒಂದು ಚಿತ್ರ ನೋಡಿದ್ದೆ, ಆ ಚಿತ್ರದ ಹುಡುಗಿಯ ಕುತ್ತಿಗೆ ನನ್ನ ಕುತ್ತಿಗೆ, ಡಾಕ್ಟರ್ ಬಾಯಿ ನನ್ನ ರಕ್ತ ತೆಗೆಸಿ ಪುಣೆಗೆ ಕಳಿಸಿದಳು, ಮೂರು ವಾರ, ಆಮೇಲೆ ಕೂರಿಸಿ ಮೆಲ್ಲಗೆ ಹೇಳಿದಳು, ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮು, ಎರಡು ಎಳೆ ಇರಬೇಕು, ನಿನಗೆ ಹುಟ್ಟುವಾಗಲೇ ಒಂದು ಎಳೆ ಇಲ್ಲ, ಇದಕ್ಕೆ ಟರ್ನರ್ ಅನ್ನುತ್ತಾರೆ, ಇದು ಯಾರ ತಪ್ಪೂ ಅಲ್ಲ. ಅಲ್ಲ, ಒಪ್ಪಿದೆ, ಎಳೆ ಇಲ್ಲದ್ದು ಯಾರ ತಪ್ಪೂ ಅಲ್ಲ. ಏಳೆಂಟು ವರ್ಷದಲ್ಲಿ ತಂದಿದ್ದರೆ ಬೆಳೆಯುವ ಇಂಜೆಕ್ಷನ್ ಇತ್ತು, ಹದಿನೈದಕ್ಕೆ ತಂದಿದ್ದರೂ ಎಲುಬಿನ ತುದಿ ಇನ್ನೂ ತೆರೆದಿರುತ್ತಿತ್ತು, ಒಂದಿಷ್ಟು ಇಂಚು ಸಿಗುತ್ತಿತ್ತು, ಹಾರ್ಮೋನು ಗುಳಿಗೆ ಹನ್ನೆರಡಕ್ಕೇ ಶುರುಮಾಡಬೇಕಿತ್ತು, ಈಗ ನೋಡು ಎಲುಬು ಟೊಳ್ಳು, ಹೃದಯದ ಫೋಟೋ ತೆಗೆಸಬೇಕು, ಆಮೇಲೆ ಬಾಯಿ ಕೇಳಿದಳು, ಹದಿನೈದಾದರೂ ಬರಲಿಲ್ಲವಲ್ಲ, ಮನೆಯವರಿಗೆ ಗೊತ್ತಾಗಲಿಲ್ಲವೇ. ನಾನು ಏನು ಹೇಳಲಿ, ಗೊತ್ತಾಯಿತು ಬಾಯಿ, ಗೊತ್ತಾಗಿಯೇ ಆರತಿ ಮಾಡಿದರು. ಗುಳಿಗೆ ಶುರುವಾಗಿ ಒಂದು ವರ್ಷಕ್ಕೆ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಉದಗೀರದ ಬಾಡಿಗೆ ಖೋಲಿಯಲ್ಲಿ ನನಗೆ ಮೊದಲ ಸಲ ಬಂತು, ನಿಜವಾದದ್ದು, ಒಬ್ಬಳೇ ಇದ್ದೆ, ನಕ್ಕೆ, ಅತ್ತುಬಿಟ್ಟೆ, ಅವ್ವನಿಗೆ ಫೋನು ಮಾಡಿದೆ, ಅವ್ವಾ ಇವತ್ತ ಬಂತು ಅಂದೆ, ಅವ್ವ ಪಿಸುಗುಟ್ಟಿದಳು, ಯಾರ ಮುಂದೂ ಅನಬ್ಯಾಡ ಮತ್ತ.

ಗಂಡಸರು ಎದ್ದರು, ಅಪ್ಪ ಅಂಗಡಿ ತೋರಿಸುತ್ತೇನೆ ಬನ್ನಿ ಎಂದು ರವಿಕಾಂತನನ್ನೂ ಸೋದರಮಾವನನ್ನೂ ಕೆಳಗೆ ಕರೆದುಕೊಂಡು ಹೋದ, ಮನೆ ಮೇಲೆ, ಅಂಗಡಿ ಕೆಳಗೆ, ಈಗ ನಡುಮನೆಯಲ್ಲಿ ಹೆಂಗಸರೇ, ಅಂಜನಾಬಾಯಿ, ಅಜ್ಜಿ, ಅವ್ವ, ಸುಮಂಗಲಾ ಕಾಕು, ಗಾದಿಯ ಮೇಲೆ ನಾನು. ಇದು ಕೇಳುವ ಹೊತ್ತು, ಎಲ್ಲರಿಗೂ ಗೊತ್ತು. ಅಂಜನಾಬಾಯಿ ನನ್ನ ಕೈಮೇಲೆ ಕೈಯಿಟ್ಟರು, ಹೊಲದಲ್ಲಿ ದುಡಿದ ಒರಟು ಕೈ, ಬಾಳಾ, ಮಗಳಽ, ಕೇಳೂದು ಚಲೋ ಅಲ್ಲ, ಖರೆ ಕೇಳಬೇಕಾಗ್ತದ, ತಿಂಗಳಾ ತಿಂಗಳಾ ಬರೋಬರ ಅದ ಅಲ್ಲ. ಬರೋಬರ ಇದೆ, ಗುಳಿಗೆಯಿಂದ ಇಪ್ಪತ್ತೆಂಟು ದಿನಕ್ಕೆ ಗಡಿಯಾರದ ಹಾಗೆ ಬರುತ್ತದೆ, ಹೂಂ ಅಂದರೆ ಸುಳ್ಳೂ ಆಗುವುದಿಲ್ಲ, ಅಜ್ಜಿ ಇದೇ ಧೈರ್ಯದ ಮೇಲೆ ನನ್ನನ್ನು ಇಲ್ಲಿ ಕೂರಿಸಿದ್ದಾಳೆ, ನಾನು ಬಾಯಿ ತೆರೆಯುವ ಮೊದಲೇ ಅವಳೇ ನಕ್ಕು ಹೇಳಿದಳು, ಅಯ್ಯ, ಅದೇನ್ ಕೇಳ್ತೀರಿ, ಇಡೀ ಓಣಿ ಕರದು ಆರತಿ ಮಾಡೀವಿ, ಅಲ್ಬಂ ತಾ ಕುಸುಮಾ. ಅವ್ವ ಕಪಾಟಿನಿಂದ ಅಲ್ಬಂ ತಂದಳು. ತಂದು ಕೊಟ್ಟಳು, ಅಂಜನಾಬಾಯಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು, ಮಂಟಪ, ಹಸಿರು ಸೀರೆ, ದೀಪಾಲಿ, ನಾನು, ಅದೇ ಫೋಟೋ, ಗದ್ದ ಹಿಡಿದು ಎತ್ತಿದ ಅಜ್ಜಿಯ ಕೈ, ಬೆರಳ ತುದಿ ಕೆಂಪು, ಉಗುರಿನ ಸಂದಿನಲ್ಲೆಲ್ಲ ಕೆಂಪು, ತೊಳೆದರೂ ಹೋಗಿರಲಿಲ್ಲ, ಅಂಜನಾಬಾಯಿ ಆ ಬೆರಳನ್ನೇ ಮುಟ್ಟಿ ಭಕ್ತಿಯಿಂದ ಅಂದರು, ಕುಂಕುಮ ಎಷ್ಟ್ ತುಂಬ್ಯಾದ ನೋಡ್ರಿ ಅಜ್ಜಿ ಕೈಯಾಗ. ಅಜ್ಜಿ ನಕ್ಕಳು. ನಕ್ಕಳು ಅವಳು, ನನ್ನ ತಲೆಯೊಳಗೆ ಏನೋ ಪಟ್ಟನೆ ಹರಿಯಿತು, ಥಾನಿನಿಂದ ಬಟ್ಟೆ ಹರಿದ ಹಾಗೆ, ನಾನು ಮಣೆಯನ್ನು ಕಾಲಿಂದ ಒತ್ತಟ್ಟಿಗೆ ಸರಿಸಿ ಗಾದಿಯಿಂದ ಇಳಿದೆ, ನೆಲಕ್ಕೆ ನಿಂತೆ, ನನ್ನ ಪೂರ್ತಿ ಎತ್ತರಕ್ಕೆ, ಕೂತ ಅಂಜನಾಬಾಯಿಯ ತಲೆಗಿಂತ ಒಂದಿಷ್ಟು ಮೇಲೆ, ಅಜ್ಜಿ ಕುಂದುರು ಕುಂದುರು ಅನ್ನುತ್ತಲೇ ಇದ್ದಳು.

ಅದು ಕುಂಕುಮ ಅಲ್ಲರಿ, ಬೀಟ್‌ರೂಟ್. ಆವಾಗ ನನಗ ಬಂದಿದ್ದಿಲ್ಲ, ತಂಗಿ ಆರತಿ ನಿಂದರಬಾರ್ದಂತ ಅರಬಿಗಿ ಬೀಟ್‌ರೂಟ್ ತಿಕ್ಕಿ ನನ್ನೂ ಕುಂದರ್ಸ್ಯಾರ. ಈಗ ಬರೂದು ಗುಳಿಗಿಯಿಂದ. ನನಗ ಮಕ್ಕಳಾಗಂಗಿಲ್ಲ ರೀ. ಇಷ್ಟೇ, ನಾಲ್ಕು ಮಾತು, ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಸುಮಂಗಲಾ ಕಾಕು ಗೋಡೆ ಹಿಡಿದು ನಿಂತಳು, ಅವಳು ಅಜ್ಜಿಯನ್ನು ನೋಡಿದಳು, ತನಗೆ ತೋರಿಸಿದ ಆ ಪರಕಾರ, ತಾನು ನನ್ನ ಬಾಯಿಗಿಟ್ಟ ಚಿಗಳಿ, ಎಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಬಂದುಹೋಯಿತು. ಅಂಜನಾಬಾಯಿ ಅಲ್ಬಂ ಮುಚ್ಚಿದರು, ತೊಡೆಯ ಮೇಲಿಂದ ತೆಗೆದು ಚಾದರದ ಮೇಲೆ ಇಟ್ಟರು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಇಂದು ಮೊದಲ ಸಲ ಯಾರೋ ನನ್ನನ್ನು ನಿಂತದ್ದು ನೋಡಿದರು, ಬೈಯಲಿಲ್ಲ, ಹೇಳಿದ್ದು ಚಲೋ ಮಾಡ್ದಿ ಬಾಳಾ ಅಂದರು, ನಮ್ಮಿಂದ ಆಗೂದಿಲ್ಲ, ಖರೆ ನೀ ಚಲೋ ಮಾಡ್ದಿ, ಎದ್ದು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು, ಕಾಕು ಅವರ ಹಿಂದೆಯೇ ಇಳಿದಳು. ಕೆಳಗೆ ಅಂಗಡಿಯಲ್ಲಿ ಮಾತು ನಿಂತಿತು, ಚಪ್ಪಲಿಗಳ ಸದ್ದು, ಜೀಪಿನ ಬಾಗಿಲು, ಹೋದರು. ನನಗೆ ದುಃಖವಾಗಲಿಲ್ಲ, ಆ ಹುಡುಗ ನನ್ನವನಾಗಿರಲೇ ಇಲ್ಲ, ಎದೆಯ ಮೇಲಿನ ಕಲ್ಲೊಂದು ಇಳಿದ ಹಾಗಾಯಿತು, ಇಳಿದ ಜಾಗದಲ್ಲಿ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು.

ಈಗ ನಾವು ಮೂವರೇ, ಅಜ್ಜಿ, ಅವ್ವ, ನಾನು, ಅಜ್ಜಿ ಶುರುಮಾಡಿದಳು, ಮನಿ ಮಾನ ಬೀದಿಗಿ ಚೆಲ್ಲಿದಿ, ತಂಗಿ ಬಾಯಾಗ ಮಣ್ಣ ಹಾಕ್ದಿ, ನಿನ್ನ ಸಲುವಾಗಿ ಏನೇನ್ ಮಾಡ್ದೆ ನಾನು, ಅಜ್ಜಿ ಅಳುತ್ತಿದ್ದಾಳೆ, ನಿಜವಾಗಿ ಅಳುತ್ತಿದ್ದಾಳೆ, ನನಗೆ ಕನಿಕರ ಬರುತ್ತಿಲ್ಲ, ನನ್ನ ಸಲುವಾಗಿ ಅಲ್ಲ ಅಜ್ಜಿ, ಓಣಿಯ ಸಲುವಾಗಿ, ನನ್ನ ಸಲುವಾಗಿ ಆಗಿದ್ದರೆ ಬಸ್ಸಿಗೆ ಕೂರಿಸಿ ಒಬ್ಬ ಡಾಕ್ಟರಿಗೆ ತೋರಿಸುತ್ತಿದ್ದಿ, ನನ್ನ ಇಂಚುಗಳನ್ನು ತಿಂದವಳು ನೀನು, ನನ್ನ ಎಲುಬು ತಿಂದವಳು ನೀನು, ನಿನ್ನ ಬೆರಳು ನೋಡು, ಅಲ್ಬಂ ತೆಗೆದು ಆ ಹಾಳೆಯನ್ನು ಅವಳ ಮುಖಕ್ಕೆ ಹಿಡಿದೆ, ನಿನ್ನ ಬೆರಳು ನೋಡು, ಕೆಂಪು, ಇದನ್ನ ನಾನು ಸಾಯುವವರೆಗೆ ಮರೆಯುವುದಿಲ್ಲ — ಅವ್ವ ಪೋಹೆಯ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತಿದ್ದಳು, ಯಾರೂ ತಿಂದಿರಲಿಲ್ಲ, ಇಡುವುದನ್ನು ನಿಲ್ಲಿಸದೆ, ತಲೆ ಎತ್ತದೆ ಅಂದಳು, ಆಕಿಗಿ ಅನಬ್ಯಾಡ. ನಾನು ತಿರುಗಿದೆ. ಅತ್ತಿ ಕುಂಕುಮ ನೀರು ಹಚ್ಚಾಣು ಅಂದಿದ್ರು. ಕುಂಕುಮ ಜಾಡಿಸಿದ್ರ ಉದುರ್ತದ, ಸುಮಂಗಲಾಗ ತಿಳೀತದ, ಬೀಟ್‌ರೂಟ್ ಒಣಗಿದ್ರ ಬರೋಬರ ಅದರಂಗಽ ಕಾಣ್ತದ ಅಂತ ನಾನಽ ಹೇಳ್ದೆ. ಬಾಜಾರಕ್ಕ ಹೋಗಿ ನಾನಽ ತಂದೆ. ಅಷ್ಟು ಹೇಳಿ ಅವ್ವ ತಟ್ಟೆಗಳನ್ನು ಎತ್ತಿಕೊಂಡಳು, ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು, ನಾನು ಅಲ್ಬಂ ಕೆಳಗಿಳಿಸಿದೆ — ಬಾಜಾರ, ಆ ದಿನ, ದೀಪಾಲಿಗೆ ಆದ ಮೂರನೇ ದಿನ, ಶಾಲೆ ಬಿಟ್ಟಿತ್ತು, ನಾನು ಓಣಿಯ ತಿರುವಿನಲ್ಲಿ, ಎದುರಿಗೆ ಅವ್ವ ಬರುತ್ತಿದ್ದಾಳೆ, ಕೈಯಲ್ಲಿ ಅಪ್ಪನ ಅಂಗಡಿಯ ಹೆಸರಿರುವ ಬಟ್ಟೆಯ ಚೀಲ, ಚೀಲದ ಬಾಯಿಂದ ಎಲೆ ಹೊರಗೆ ಬಂದಿದೆ, ಹಸಿರು ಎಲೆ, ನಡುವೆ ಕೆಂಪು ದಂಟು, ಕೋಸಂಬರಿ ಮಾಡ್ತೀಯೇನವ್ವ ಅಂದೆ, ಹೂಂ ಅಂದಳು, ಅವಳ ಮುಖ ಬೆವತಿತ್ತು, ಚೀಲ ಭಾರವಾಗಿದೆ ಅಂದುಕೊಂಡೆ, ಇಲ್ಲ, ಅದು ಬೇಡ, ಬೇರೆ ಏನಾದರೂ, ಬಸ್ಸು, ಡಾಕ್ಟರ್, ಹೋ ಅಂದಳು ಅವ್ವ, ಅಜ್ಜಿಯ ಮುಖ ನೋಡಿ ಹೋ ಅಂದಳು, ನೋಡಿದ್ದಳೇ, ಆಗ ಅಜ್ಜಿ ದವಾಖಾನೆಯ ಕಿಟಕಿಯ ಕಡೆ ನೋಡುತ್ತಿರಲಿಲ್ಲವೇ — ಅವ್ವ ಬರುತ್ತಿದ್ದಾಳೆ, ಚೀಲ, ಎಲೆ, ಕೆಂಪು ದಂಟು, ಭಾರವಾಗಿದೆ ಅಂದುಕೊಂಡು ನಾನು ಓಡಿಹೋಗಿ ಒಂದು ಹಿಡಿಕೆ ಹಿಡಿದೆ, ಇನ್ನೊಂದು ಅವ್ವನ ಕೈಯಲ್ಲಿ, ನಡುವೆ ಚೀಲ, ಎಲೆ ನನ್ನ ಮೊಣಕೈಗೆ ತಾಗುತ್ತಿದೆ, ಮನೆಯವರೆಗೆ ಹಾಗೇ ಇಬ್ಬರೂ ಹಿಡಿದುಕೊಂಡು, ಒಂದು ಹಿಡಿಕೆ ಅವ್ವ, ಒಂದು ಹಿಡಿಕೆ ನಾನು, ಒಂದು ಹಿಡಿಕೆ ನಾನು